ಟೈರು ಬಿಟ್ಟ ಭಟ್ಟಿ: ದಾವಣಗೆರೆಯ ಒಂದು ಮಂಡಕ್ಕಿ ಕುಟುಂಬದ ಎರಡು ವರ್ಷ

ಇದು ಮಂಡಕ್ಕಿ ಹುರಿಯುವ ಒಂದೇ ಒಂದು ಭಟ್ಟಿಯ ಪ್ರಕರಣ. ಮಾಲೀಕರ ಹೆಸರು, ಓಣಿ, ಅವರಿಂದ ಮಾಲು ಕೊಳ್ಳುವವರ ಹೆಸರು ಯಾವುದನ್ನೂ ಹಾಕಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ನಾನು ಇಲ್ಲೇ ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಮಾಡುವವನು. ಒಲೆಯಲ್ಲಿ ಟೈರ್ ಸುಡುವುದನ್ನು ಬಿಡಿಸುವ ಈ ಕೆಲಸದಲ್ಲಿ ಶುರುವಿನಿಂದ ಜೊತೆಗಿದ್ದೆ. ಸರಿಹೋದದ್ದು, ಕೆಟ್ಟದ್ದು ಎರಡನ್ನೂ ಬರೆಯುತ್ತೇನೆ. ಇಂಥ ಒಲೆ ಇಟ್ಟುಕೊಂಡು ಬದುಕುವವರು ನಮ್ಮ ಊರಿನಲ್ಲೇ ನೂರಾರು ಜನ ಇದ್ದಾರೆ. ನಾವು ಎಡವಿದ ಕಡೆಯೇ ಅವರೂ ಎಡವುವುದು ಬೇಡ.

ಹಿನ್ನೆಲೆ

ಮಂಡಕ್ಕಿ ತಿನ್ನುವವರಿಗೆ ಅದು ಹೇಗೆ ಆಗುತ್ತದೆ ಅಂತ ಗೊತ್ತಿರುವುದು ಕಡಿಮೆ. ಮೊದಲು ಭತ್ತವನ್ನು ಬಿಸಿನೀರಿನಲ್ಲಿ ನೆನೆಹಾಕುತ್ತಾರೆ. ಆಮೇಲೆ ಕಾದ ಮರಳಿನಲ್ಲಿ ಒಂದು ಸಲ ಹುರಿದು, ಒಣಗಿಸಿ, ಮಿಲ್ಲಿನಲ್ಲಿ ಅಕ್ಕಿ ಮಾಡಿಸುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಬೆರೆಸಿ, ಹದಕ್ಕೆ ತಂದು, ಮತ್ತೆ ಕಾದ ಮರಳಿಗೆ ಹಾಕಿದರೆ ಹತ್ತು ಸೆಕೆಂಡಿನಲ್ಲಿ ಅರಳುತ್ತದೆ. ಅಂದರೆ ಬೆಂಕಿ ಬೇಕಾಗುವುದು ಮೂರು ಕಡೆ: ನೀರಿಗೆ, ಮೊದಲ ಹುರಿಗೆ, ಕೊನೆಯ ಹುರಿಗೆ. ಈ ಮೂರೂ ಬೇರೆ ಬೇರೆ ಬೆಂಕಿ ಅನ್ನುವುದು ನನಗೆ ತಡವಾಗಿ ಅರ್ಥವಾಯಿತು. ಈ ಬರಹದ ಅರ್ಧ ಭಾಗ ಅದರ ಬಗ್ಗೆಯೇ.

ಈ ಕುಟುಂಬಕ್ಕೆ ಅಕ್ಕಪಕ್ಕ ಎರಡು ಭಟ್ಟಿ ಇವೆ. ಅಪ್ಪನ ಕಾಲದವು. ಉರುವಲು ಭತ್ತದ ಹೊಟ್ಟು. ಜೊತೆಗೆ ಹಳೆ ಲಾರಿ ಟೈರಿನ ತುಂಡು. ಟೈರ್ ಯಾಕೆ ಬೇಕಿತ್ತು? ತಣ್ಣಗಿರುವ ಅಕ್ಕಿ ಬಿದ್ದ ಕೂಡಲೇ ಮರಳಿನ ಕಾವು ಇಳಿಯುತ್ತದೆ. ಒಂದು ತುಂಡು ಟೈರ್ ಒಲೆಗೆ ಎಸೆದರೆ ಎರಡೇ ನಿಮಿಷದಲ್ಲಿ ಕಾವು ಮೇಲೆ ಬರುತ್ತದೆ. ಕೆಜಿ ಹೊಟ್ಟಿನಲ್ಲಿ ಸುಮಾರು 3,000 ಕಿಲೋಕ್ಯಾಲೊರಿ ಶಾಖ ಇದ್ದರೆ, ಟೈರಿನಲ್ಲಿ ಅದರ ಎರಡು ಪಟ್ಟಿಗಿಂತ ಜಾಸ್ತಿ. ಹೊಟ್ಟಿನ ಬೆಲೆಯೂ ಮೊದಲಿನ ಹಾಗಿಲ್ಲ. ಇಟ್ಟಿಗೆ ಸುಡುವವರು, ಬಾಯ್ಲರ್ ಇರುವವರು ಎಲ್ಲರೂ ಕೊಳ್ಳುತ್ತಾರೆ. ಹೀಗಾಗಿ ಟೈರ್ ಸುಡುವವರನ್ನು ಬರೀ ಕೆಟ್ಟವರು ಅಂದುಬಿಟ್ಟರೆ ಅದು ಅನ್ಯಾಯ. ಅವರಿಗೆ ಅದೊಂದು ಸುಲಭದ ದಾರಿಯಾಗಿತ್ತು, ಅಷ್ಟೇ.

ಆದರೆ ಅದರ ಬೆಲೆ ದೊಡ್ಡದು. ಟೈರಿನ ಕಪ್ಪು ಹೊಗೆಯಲ್ಲಿ ಮಸಿ, ಗಂಧಕ, ಸತು ಎಲ್ಲವೂ ಇರುತ್ತದೆ. ಅದು ಒಲೆ ಮುಂದೆ ಕೂತವರ ಎದೆಗೇ ಮೊದಲು ಇಳಿಯುತ್ತದೆ. ಇಂಗಾಲದ ಲೆಕ್ಕವೂ ಬೇರೆ. ಹೊಟ್ಟು ಉರಿದಾಗ ಬರುವ ಕಾರ್ಬನ್ ಡೈಆಕ್ಸೈಡ್ ಅನ್ನು ಮುಂದಿನ ಬೆಳೆಯ ಭತ್ತ ಮತ್ತೆ ಹೀರಿಕೊಳ್ಳುತ್ತದೆ. ಟೈರಿನದ್ದು ಬಹುಪಾಲು ನೆಲದಡಿಯ ಎಣ್ಣೆಯಿಂದ ಬಂದ ಇಂಗಾಲ. ಒಂದು ಕೆಜಿ ಟೈರ್ ಉರಿದರೆ ಎರಡು ಕೆಜಿಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಇವರು ದಿನಕ್ಕೆ ಸುಮಾರು 30 ಕೆಜಿ ಸುಡುತ್ತಿದ್ದರು. ವರ್ಷಕ್ಕೆ 280 ದಿನ ಅಂತ ಹಿಡಿದರೆ 16 ಟನ್ ಮೀರುತ್ತದೆ. ಟೈರಿನಲ್ಲಿ ಒಂದು ಪಾಲು ರಬ್ಬರ್ ಮರದಿಂದ ಬಂದ ಇಂಗಾಲ. ಅದನ್ನು ಕಳೆದರೂ ಹತ್ತು ಟನ್‌ಗಿಂತ ಮೇಲೆ. ಎರಡು ಸಣ್ಣ ಭಟ್ಟಿಗೆ ಇದು ಕಡಿಮೆಯೇನಲ್ಲ.

2016ರ ಜನವರಿಯಲ್ಲಿ ದಾವಣಗೆರೆ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲಿ ಬಂದಾಗಿನಿಂದ ಮಂಡಕ್ಕಿ ಭಟ್ಟಿ ಸುಧಾರಣೆಯ ಮಾತು ಊರಲ್ಲಿ ಓಡಾಡುತ್ತಲೇ ಇದೆ. ಆದರೆ ಈ ಮನೆಯವರನ್ನು ಎಬ್ಬಿಸಿದ್ದು ಅದಲ್ಲ. ಬೆಂಗಳೂರಿನ ಒಬ್ಬ ಕೊಳ್ಳುವವರು ಭಟ್ಟಿ ನೋಡಲು ಬಂದರು. ಟೈರಿನ ರಾಶಿ ನೋಡಿ, ಟೀ ಕುಡಿದು, ಏನೂ ಮಾತಾಡದೆ ಹೋದರು. ಮುಂದಿನ ತಿಂಗಳ ಆರ್ಡರ್ ಬರಲಿಲ್ಲ. ಆಗ ಮಾಲೀಕರು ನನ್ನ ಹತ್ತಿರ ಬಂದರು. "ಸರ್, ಟೈರ್ ಬಿಡಬೇಕು. ಆದ್ರ ಮಂಡಕ್ಕಿ ಅರಳಬೇಕು. ಏನರ ಮಾಡ್ರಿ" ಅಂದರು.

ಮೊದಲ ಯತ್ನ

ನನ್ನ ತಲೆಯಲ್ಲಿ ಇದ್ದದ್ದು ಗ್ಯಾಸಿಫೈಯರ್. ಹೊಟ್ಟನ್ನು ನೇರವಾಗಿ ಸುಡುವ ಬದಲು, ಕಡಿಮೆ ಗಾಳಿಯಲ್ಲಿ ಬೇಯಿಸಿ ಅನಿಲ ಮಾಡಿ, ಆ ಅನಿಲವನ್ನು ಉರಿಸುವುದು. ಹೊಗೆ ತುಂಬ ಕಡಿಮೆ. ಇದು ಹೊರಗಿನಿಂದ ಬಂದ ವಿದ್ಯೆಯೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದ್ದಾರೆ. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲೇ ಕಟ್ಟಿಗೆಯ ಗ್ಯಾಸಿಫೈಯರ್‌ನಿಂದ ಊರಿಗೆ ದೀಪ ಹಚ್ಚಿದ್ದರು. ಕಟ್ಟಿಗೆಗೆ ಆಗುವುದು ಹೊಟ್ಟಿಗೆ ಸಲೀಸಾಗಿ ಆಗುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಹೊಟ್ಟು ಹಗುರ, ಒಂದಕ್ಕೊಂದು ಸಿಕ್ಕಿಕೊಂಡು ಕೆಳಗೆ ಇಳಿಯುವುದಿಲ್ಲ. ಅದಕ್ಕೆ ಮೇಲಿನಿಂದ ಹಚ್ಚುವ ಮಾದರಿ ಆರಿಸಿದೆವು. ಉದ್ದದ ಡಬ್ಬಿಯಲ್ಲಿ ಹೊಟ್ಟು ತುಂಬಿ, ತುದಿಗೆ ಬೆಂಕಿ ಕೊಟ್ಟು, ಕೆಳಗಿನಿಂದ ಬ್ಲೋವರ್ ಗಾಳಿ ಬಿಡುವುದು. ಬೆಂಕಿ ನಿಧಾನಕ್ಕೆ ಕೆಳಗೆ ಇಳಿಯುತ್ತದೆ, ಅನಿಲ ಮೇಲೆ ಬಂದು ಉರಿಯುತ್ತದೆ, ಕೊನೆಗೆ ಡಬ್ಬಿಯಲ್ಲಿ ಕರಿ ಉಳಿಯುತ್ತದೆ.

ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದೆವು. ಕೊನೆಯ ಹುರಿಯ ಒಲೆಗೇ ಜೋಡಿಸಿದೆವು. ಟೈರ್ ಬೀಳುತ್ತಿದ್ದದ್ದು ಅಲ್ಲಿಯೇ ಅಲ್ವಾ. ಉರಿ ನೀಲಿಯಾಗಿ ಬಂತು. ಓಣಿಯವರೆಲ್ಲ ಬಂದು ನೋಡಿದರು. ನನಗೆ ತುಂಬ ಖುಷಿಯಾಗಿತ್ತು.

ಖುಷಿ ಪಡದವರು ಒಬ್ಬರೇ. ಮೂವತ್ತು ವರ್ಷದಿಂದ ಬಾಂಡ್ಲಿ ಮುಂದೆ ಕೂತು ಹುರಿಯುತ್ತಿರುವವರು. ಭಟ್ಟಿಯಲ್ಲಿ ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರು ಒಂದು ಚಿಟಿಕೆ ಅಕ್ಕಿ ಮರಳಿಗೆ ಎಸೆದು, ಕಿವಿ ಕೊಟ್ಟು ಕೇಳಿ, ತಲೆ ಆಡಿಸಿದರು. "ಬೆಂಕಿ ಜೋರೈತಿ ಸರ್. ಆದ್ರ ನಡುವ ಒಂದೇ ಕಡೆ ಐತಿ" ಅಂದರು. ಅವರು ಹೇಳಿದ್ದು ನಿಜ. ಆಮೇಲೆ ಶಾಖ ಅಳೆಯುವ ಗನ್ ಹಿಡಿದು ನೋಡಿದಾಗ ಬಾಂಡ್ಲಿಯ ನಡುವೆ 290 ಡಿಗ್ರಿ, ಅಂಚಿನಲ್ಲಿ 210. ಅಕ್ಕಿ ಅರಳಲು ಸುಮಾರು 250 ಡಿಗ್ರಿ ಮರಳು, ಅಕ್ಕಿಯಲ್ಲಿ 10.5ರಿಂದ 11 ಶೇಕಡ ತೇವ ಬೇಕು ಎಂದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1980ರ ದಶಕದಲ್ಲೇ ತೋರಿಸಿದ್ದಾರೆ. ನಮ್ಮ ಬಾಂಡ್ಲಿಯಲ್ಲಿ ನಡುವಿನ ಕಾಳು ಕೆಂಪಾಗುತ್ತಿತ್ತು, ಅಂಚಿನದ್ದು ಅರಳದೆ ಉಳಿಯುತ್ತಿತ್ತು. ಇನ್ನೊಂದು ತೊಂದರೆ, ಒಂದು ಸಲ ತುಂಬಿದ ಹೊಟ್ಟು ಮುಕ್ಕಾಲು ಗಂಟೆಗೆ ಮುಗಿಯುತ್ತಿತ್ತು. ಮತ್ತೆ ತುಂಬಿ ಹಚ್ಚುವುದರೊಳಗೆ ಮರಳು ತಣ್ಣಗಾಗುತ್ತಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಚಾಚಾ ಅವರಿಗೆ ಕೂಲಿ ಸಿಗುವುದು ಚೀಲದ ಲೆಕ್ಕದಲ್ಲಿ. ನಮ್ಮ ಪ್ರಯೋಗದಿಂದ ಚೀಲ ಕಡಿಮೆಯಾದರೆ ಅವರ ಮನೆಯ ಅಕ್ಕಿ ಕಡಿಮೆ. ನಾವು ಹೊಸ ಒಲೆಯ ಖರ್ಚು ಲೆಕ್ಕ ಹಾಕಿದ್ದೆವು, ಇದನ್ನು ಹಾಕಿರಲಿಲ್ಲ. ಎರಡನೇ ವಾರ ಮಾಲೀಕರಿಗೆ ಇದು ಹೊಳೆಯಿತು. ಪ್ರಯೋಗ ಮುಗಿಯುವವರೆಗೆ ದಿನಗೂಲಿ ಕೊಡುತ್ತೇನೆ, ಚೀಲ ಎಷ್ಟಾದರೂ ಆಗಲಿ ಅಂದರು. ಇಡೀ ಪ್ರಕರಣದಲ್ಲಿ ಅತಿ ಒಳ್ಳೆಯ ತೀರ್ಮಾನ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಅವತ್ತಿನಿಂದ ಚಾಚಾ ನಮ್ಮ ಒಲೆಯ ತಪ್ಪುಗಳನ್ನು ಬಾಯಿಬಿಟ್ಟು ಹೇಳತೊಡಗಿದರು.

ಕರೆಂಟ್ ಹೋದ ಸಂಜೆ

ಐದನೇ ವಾರ. ಸಂಜೆ ಆರೂವರೆ ಸುಮಾರಿಗೆ ಕರೆಂಟ್ ಹೋಯಿತು, ಬ್ಲೋವರ್ ನಿಂತಿತು, ಉರಿ ಆರಿತು. ಆದರೆ ಡಬ್ಬಿಯೊಳಗೆ ಹೊಟ್ಟು ಬೇಯುತ್ತಲೇ ಇತ್ತು. ಅನಿಲ ಉರಿಯದೆ ಶೆಡ್ಡಿನೊಳಗೆ ತುಂಬಿಕೊಂಡಿತು. ಈ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡ 15ರಿಂದ 20ರವರೆಗೂ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಟ್ಟು ತುಂಬುತ್ತಿದ್ದ ಯುವಕ ಗೋಡೆ ಹಿಡಿದು ಕೂತುಬಿಟ್ಟ. ತಲೆ ಸುತ್ತುತ್ತೆ ಅಂದ, ವಾಂತಿ ಮಾಡಿಕೊಂಡ. ಚಾಚಾ ಅವನ ಕಂಕುಳಿಗೆ ಕೈ ಹಾಕಿ ಹೊರಗೆ ಎಳೆದು ತಂದರು. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ರಾತ್ರಿ ಹತ್ತಕ್ಕೆ ಅವನು ಎದ್ದು ಕೂತು ಇಡ್ಲಿ ತಿಂದ ಮೇಲೆ ನನಗೆ ಜೀವ ಬಂತು.

ತಪ್ಪು ನನ್ನದೇ. ಈ ಅನಿಲದ ಗುಣ ನನಗೆ ಪಾಠ ಮಾಡುವಷ್ಟು ಗೊತ್ತಿತ್ತು. ಆದರೂ ಅದನ್ನು ಮುಚ್ಚಿದ ಶೆಡ್ಡಿನೊಳಗೆ, ಕರೆಂಟಿಗೆ ಬೇರೆ ಆಸರೆ ಇಲ್ಲದೆ ನಿಲ್ಲಿಸಿದೆ. ಯಾರಾದರೂ ಹೊಟ್ಟಿನ ಗ್ಯಾಸಿಫೈಯರ್ ಹಾಕುವವರಿದ್ದರೆ ದಯವಿಟ್ಟು ಕೇಳಿ: ಅದು ಚಾವಣಿಯ ಹೊರಗೆ, ತೆರೆದ ಗಾಳಿಯಲ್ಲಿ ಇರಲಿ. ಬ್ಲೋವರ್‌ಗೆ ಬ್ಯಾಟರಿ ಇರಲಿ. ಜನ ಕೂರುವ ಕಡೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲಿ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಹಚ್ಚಲೇಬೇಡಿ.

ಮೂರು ವಾರ ಎಲ್ಲ ನಿಲ್ಲಿಸಿದೆವು. ಭಟ್ಟಿ ಮತ್ತೆ ಟೈರಿಗೆ ಹೋಯಿತು. ನೋಡಲು ಕಷ್ಟವಾಗುತ್ತಿತ್ತು, ಆದರೆ ಇನ್ನೊಂದು ಅವಸರ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ.

ಚಾಚಾ ಪಕ್ಕ ಒಂದು ದಿನ

ಗ್ಯಾಸಿಫೈಯರ್ ಗುಜರಿಗೆ ಹಾಕೋಣ ಅಂತ ಮಾಲೀಕರು ಹೇಳಿದ ದಿನ ಚಾಚಾ ಒಂದು ಮಾತು ಹೇಳಿದರು. "ಒಂದಿನ ಪೂರ್ತಿ ನನ್ನ ಪಕ್ಕ ಕೂತು ನೋಡ್ರಿ ಸರ್. ಆಮ್ಯಾಲೆ ಏನ್ ಕಟ್ಟೋದೋ ಕಟ್ಟೋಣಂತೆ."

ಬೆಳಗಿನ ನಾಲ್ಕಕ್ಕೆ ಹೋದೆ. ಕೈಯಲ್ಲಿ ತಕ್ಕಡಿ, ಶಾಖದ ಗನ್, ಒಂದು ನೋಟ್‌ಬುಕ್. ಒಲೆಗೆ ಹೋಗುವ ಪ್ರತಿ ಹೊಟ್ಟಿನ ಚೀಲವನ್ನು ತೂಗಿ ಬರೆದೆ. ಮೊದಲ ಆಶ್ಚರ್ಯ ನೀರಿನದ್ದು. ಆರು ಚೀಲ ಭತ್ತ ನೆನೆಹಾಕಲು 500 ಲೀಟರ್ ನೀರನ್ನು ಸುಮಾರು 80 ಡಿಗ್ರಿಗೆ ಕಾಯಿಸುತ್ತಾರೆ. ಅದಕ್ಕೆ ಮೂರು ಚೀಲ ಹೊಟ್ಟು, ಅಂದರೆ 45 ಕೆಜಿ ಹೋಯಿತು. ಲೆಕ್ಕ ಹಾಕಿ ನೋಡಿ. 500 ಲೀಟರ್ ನೀರನ್ನು 25ರಿಂದ 80 ಡಿಗ್ರಿಗೆ ಏರಿಸಲು ಬೇಕಾದದ್ದು 27,500 ಕಿಲೋಕ್ಯಾಲೊರಿ. ಶಾಖವೆಲ್ಲ ನೀರಿಗೇ ಹೋದರೆ 9 ಕೆಜಿ ಹೊಟ್ಟು ಸಾಕು. ಐದು ಪಾಲಿನಲ್ಲಿ ನಾಲ್ಕು ಪಾಲು ಸುಮ್ನೆ ಆಕಾಶಕ್ಕೆ ಹೋಗುತ್ತಿತ್ತು. ಅದೇ ಹೊತ್ತಿಗೆ ಪಕ್ಕದ ಹುರಿಯುವ ಒಲೆಯ ಚಿಮಣಿ ಮುಟ್ಟಲಾಗದಷ್ಟು ಸುಡುತ್ತಿತ್ತು.

ಎರಡನೆಯದು ಚಾಚಾ ಅವರ ಕೈ. ಮರಳಿಗೆ ಅಕ್ಕಿ ಸುರಿದು, ಪೊರಕೆಯಂಥ ಕಡ್ಡಿಯ ಕಟ್ಟಿನಿಂದ ಮೂರು ಸಲ ಅಂಚಿನಿಂದ ನಡುವಿಗೆ ಎಳೆಯುತ್ತಾರೆ. ಚಟಚಟ ಸದ್ದು ಒಂದು ಮಟ್ಟಕ್ಕೆ ಏರಿ ಇಳಿಯಲು ಶುರುವಾದ ಕೂಡಲೇ ಜರಡಿಗೆ ಎತ್ತುತ್ತಾರೆ. ಒಂದು ಕ್ಷಣ ತಡವಾದರೆ ಕೆಂಪು. ಟೈರ್ ತುಂಡು ಅವರು ಎಸೆಯುತ್ತಿದ್ದದ್ದು ಯಾವಾಗ ಅಂತ ಬರೆದುಕೊಂಡೆ. ಬೆಳಗ್ಗೆ ಕಡಿಮೆ. ಮಧ್ಯಾಹ್ನ ಗಾಳಿ ಎದ್ದ ಮೇಲೆ ಜಾಸ್ತಿ. ಒಲೆಯ ಗೋಡೆ ಒಂದು ಕಡೆ ಬಿರುಕು ಬಿಟ್ಟಿತ್ತು. ಆ ಕಡೆಯ ಮರಳು ಯಾವಾಗಲೂ ತಣ್ಣಗೆ. ಅಲ್ಲಿಗೆ ಒಂದು ವಿಷಯ ಗೊತ್ತಾಯಿತು. ಟೈರ್ ತುಂಬುತ್ತಿದ್ದದ್ದು ಉರಿಯ ಕೊರತೆಯನ್ನಲ್ಲ, ಗೋಡೆಯಿಂದ ಸೋರಿಹೋದ ಶಾಖವನ್ನು.

ಬಿಟ್ಟ ದಾರಿಗಳು

ಮತ್ತೆ ಕಟ್ಟುವ ಮೊದಲು ಬೇರೆ ಹೊಸ ದಾರಿಗಳನ್ನೂ ನೋಡಿದೆವು. ನೀರು ಕಾಯಿಸಲು ಹೀಟ್ ಪಂಪ್ ಹಾಕಿದರೆ? ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ಕೊಡುವ ಯಂತ್ರ ಅದು. ನಮ್ಮ 500 ಲೀಟರ್‌ಗೆ ದಿನಕ್ಕೆ 11 ಯೂನಿಟ್ ಸಾಕು. ಆದರೆ ದೇಶದ ಗ್ರಿಡ್ ಕರೆಂಟಿನ ಒಂದೊಂದು ಯೂನಿಟ್ ಹಿಂದೆಯೂ ಸರಾಸರಿ 0.7 ಕೆಜಿಯಷ್ಟು ಕಾರ್ಬನ್ ಡೈಆಕ್ಸೈಡ್ ಇದೆ. ಹೊಟ್ಟು ಬಿಟ್ಟು ಕರೆಂಟಿಗೆ ಹೋದರೆ ನಮ್ಮ ಲೆಕ್ಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಡೀಸೆಲ್ ಅಥವಾ ಕಲ್ಲಿದ್ದಲು ಸುಡುವ ಕಾರ್ಖಾನೆಗೆ ಅದೇ ಯಂತ್ರ ಒಳ್ಳೆಯದು. ಇಲ್ಲಿಗೆ ಅಲ್ಲ.

ಮಾಲೀಕರ ಮಗಳು ಮೊಬೈಲಿನಲ್ಲಿ ಇನ್ನೊಂದು ತೋರಿಸಿದಳು. ಫಿನ್ಲೆಂಡಿನ ಕಂಕಾನ್‌ಪಾ ಎಂಬ ಊರಲ್ಲಿ 2022ರಲ್ಲಿ ಶುರುವಾದ ಮರಳಿನ ಬ್ಯಾಟರಿ. ದೊಡ್ಡ ಉಕ್ಕಿನ ಡ್ರಮ್ಮಿನಲ್ಲಿ ಸುಮಾರು 100 ಟನ್ ಮರಳು ತುಂಬಿ, ಗಾಳಿ ಬಿಸಿಲಿನ ಕರೆಂಟ್ ಹೆಚ್ಚಾದಾಗ ಅದನ್ನು 500 ಡಿಗ್ರಿಯವರೆಗೆ ಕಾಯಿಸಿ, ಚಳಿಗಾಲದಲ್ಲಿ ಮನೆಗಳಿಗೆ ಶಾಖ ಕೊಡುತ್ತಾರೆ. ಚಾಚಾ ಅದನ್ನು ಎರಡು ಸಲ ನೋಡಿದರು. ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಬಸ್ಸಿನಲ್ಲಿ ಹೋಗುವಾಗ ನೋಡುವ ನಮಗೆ ಇದು ಒಂದಲ್ಲ ಒಂದು ದಿನ ಆಗಬಹುದು ಅನ್ನಿಸಿತು. ಇವತ್ತು ಎರಡು ಭಟ್ಟಿಯ ಕುಟುಂಬದ ಕೈಗೆ ಎಟುಕುವುದಲ್ಲ. ಆದರೆ ಆ ವಿಡಿಯೋದಲ್ಲಿ ಚಾಚಾ ಕಣ್ಣಿಗೆ ಬಿದ್ದದ್ದು ಬೇರೆಯೇ: ಮರಳು ಶಾಖ ಹಿಡಿದುಕೊಂಡಿರುವುದು ಸುತ್ತ ಇರುವ ದಪ್ಪ ಹೊದಿಕೆಯಿಂದ. "ನಮ್ಮ ಒಲಿಗೂ ಕಂಬಳಿ ಹೊದಿಸ್ರಿ ಹಂಗಾರ" ಅಂದರು.

ಎರಡನೇ ಕಟ್ಟು

ಕಂಬಳಿ ಭಟ್ಟಿಯ ಹಿತ್ತಲಲ್ಲೇ ಇತ್ತು, ಹೊಟ್ಟಿನ ಬೂದಿ. ಹೊಟ್ಟಿನ ತೂಕದಲ್ಲಿ ಐದನೇ ಒಂದು ಪಾಲಿನಷ್ಟು ಬೂದಿ, ಅದರಲ್ಲಿ ಬಹುತೇಕ ಸಿಲಿಕಾ. ಶಾಖ ತಡೆಯುವುದರಲ್ಲಿ ಅದು ಬಲು ಗಟ್ಟಿ. ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಉಕ್ಕು ಆರದಿರಲಿ ಅಂತ ಮೇಲೆ ಇದೇ ಬೂದಿ ಹರಡುತ್ತಾರೆ. ನಾವು ಇದನ್ನು ಇಷ್ಟು ದಿನ ಟ್ರ್ಯಾಕ್ಟರಿಗೆ ತುಂಬಿ ಹೊರಗೆ ಸುರಿಯುತ್ತಿದ್ದೆವು. ಹಳೆ ಗೋಡೆ ಕಿತ್ತು, ಎರಡು ಸಾಲು ಇಟ್ಟಿಗೆ ಕಟ್ಟಿ, ನಡುವೆ ನಾಲ್ಕು ಇಂಚು ಬೂದಿ ತುಂಬಿದೆವು.

ಹುರಿಯುವ ಒಲೆಗೆ ಗ್ಯಾಸಿಫೈಯರ್ ಬೇಡ ಅಂತ ತೀರ್ಮಾನಿಸಿದೆವು. ಅಲ್ಲಿಗೆ ಬೇಕಿದ್ದದ್ದು ಗಂಟೆಗಟ್ಟಲೆ ಒಂದೇ ಸಮ ಇರುವ, ಅಗಲವಾದ ಉರಿ. ಅದಕ್ಕೆ ಮೆಟ್ಟಿಲಿನ ಹಾಗೆ ಎರಕದ ಪಟ್ಟಿ ಜೋಡಿಸಿದ ಒಲೆ ಹಾಕಿಸಿದೆವು. ಮೇಲಿನ ಬುಟ್ಟಿಯಿಂದ ಹೊಟ್ಟು ತಾನೇ ಮೆಟ್ಟಿಲಿಳಿದು ಬರುತ್ತದೆ. ಮೇಲಿನಿಂದ ಇನ್ನೊಂದಿಷ್ಟು ಗಾಳಿ ಬಿಟ್ಟರೆ ಹೊಗೆಯಾಗುವುದೂ ಉರಿದುಹೋಗುತ್ತದೆ. ಹಳೆಯ ವಿದ್ಯೆಯೇ. ಹೊಸದೇ ಆಗಬೇಕು ಅನ್ನುವ ಹಟ ಅಷ್ಟೊತ್ತಿಗೆ ನನಗೆ ಹೋಗಿತ್ತು.

ಗ್ಯಾಸಿಫೈಯರ್ ಅನ್ನು ಶೆಡ್ಡಿನ ಹೊರಗೆ, ನೀರಿನ ತೊಟ್ಟಿಗೆ ಕೊಟ್ಟೆವು. ನೀರಿಗೆ ಉರಿ ಏರುಪೇರಾದರೆ ಏನೂ ತೊಂದರೆ ಇಲ್ಲ, ಮುಕ್ಕಾಲು ಗಂಟೆ ಉರಿದು ಆರಿದರೂ ಸರಿ. ಹುರಿಯುವ ಒಲೆಯ ಚಿಮಣಿಯ ಬಿಸಿ ಗಾಳಿಯನ್ನು ತೊಟ್ಟಿಯ ಕೆಳಗಿನ ಕೊಳವೆಯಲ್ಲಿ ಹಾಯಿಸಿ ಹೊರಗೆ ಬಿಟ್ಟೆವು. ಹಿಂದಿನ ದಿನದ ಶಾಖದಲ್ಲೇ ಬೆಳಗಿನ ನೀರು ಅರ್ಧ ಕಾದಿರುತ್ತದೆ.

ಏನಾಯಿತು

ಹದಿನಾಲ್ಕು ತಿಂಗಳಿಂದ ಆ ಭಟ್ಟಿಗೆ ಟೈರ್ ಬಂದಿಲ್ಲ. ಹೊಟ್ಟು ದಿನಕ್ಕೆ ಹದಿನಾಲ್ಕು ಚೀಲ ಹೋಗುತ್ತಿದ್ದದ್ದು ಹತ್ತಕ್ಕೆ ಇಳಿದಿದೆ. ಇದರಲ್ಲಿ ಎರಡು ಚೀಲ ನೀರಿನ ಕಡೆಯಿಂದ, ಇನ್ನೆರಡು ಬೂದಿ ಗೋಡೆ ಮತ್ತು ಮೆಟ್ಟಿಲ ಒಲೆಯಿಂದ. ಅರಳದೆ ಉಳಿಯುವ ಕಾಳು ಮೊದಲಿಗಿಂತ ಜಾಸ್ತಿಯಾಗಿಲ್ಲ ಅಂತ ಚಾಚಾ ಹೇಳುತ್ತಾರೆ. ಅವರ ಜರಡಿಯೇ ಅದಕ್ಕೆ ಸಾಕ್ಷಿ. ಬೆಂಗಳೂರಿನವರು ಮತ್ತೆ ಬಂದರು, ಅರ್ಧ ಆರ್ಡರ್ ಕೊಟ್ಟರು.

ಎಲ್ಲವೂ ಚೆನ್ನಾಯಿತು ಅಂತಲ್ಲ. ಎರಡನೇ ಭಟ್ಟಿ ಇನ್ನೂ ಹಳೆಯದೇ, ದುಡ್ಡು ಸಾಲಲಿಲ್ಲ. ಸದ್ಯ ಅದನ್ನು ಆರಿಸಿಟ್ಟಿದ್ದಾರೆ, ಅಂದರೆ ಅಷ್ಟು ಆದಾಯ ಕಡಿಮೆ. ಗ್ಯಾಸಿಫೈಯರಿನ ಒಳಗೋಡೆ ಒಂದು ಸಲ ಸೀಳಿತು. ಬಿಸಿ ಹೆಚ್ಚಾದಾಗ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಅದನ್ನು ಕೆತ್ತಿ ತೆಗೆಯುವುದು ಹಿಂಸೆ.

ಗ್ಯಾಸಿಫೈಯರಿನಲ್ಲಿ ಉಳಿಯುವ ಕರಿಯ ಮಾತು ಬೇರೆ. ಹಾಕಿದ ಹೊಟ್ಟಿನ ಸುಮಾರು ಕಾಲು ಪಾಲು ಕರಿಯಾಗಿ ಸಿಗುತ್ತದೆ. ಇದು ಮಣ್ಣಿಗೆ ಸೇರಿದರೆ ಅದರಲ್ಲಿನ ಇಂಗಾಲ ಬೇಗ ಗಾಳಿಗೆ ಮರಳುವುದಿಲ್ಲ, ಹತ್ತಾರು ವರ್ಷ ಅಲ್ಲೇ ಕೂರುತ್ತದೆ. ಬಯೋಚಾರ್ ಅಂತ ಈಗ ಎಲ್ಲ ಕಡೆ ಮಾತಾಡುವುದು ಇದನ್ನೇ. ಒಬ್ಬರು ಏಜೆಂಟರು ಬಂದು ಕಾರ್ಬನ್ ಕ್ರೆಡಿಟ್, ಅಂದರೆ ಇಂಗಾಲ ಗಾಳಿಗೆ ಹೋಗದಂತೆ ತಡೆದದ್ದಕ್ಕೆ ದುಡ್ಡು, ಮಾಡಿಸಿಕೊಡುತ್ತೇನೆ ಅಂದರು. ಕೂತು ಲೆಕ್ಕ ಹಾಕಿದೆವು. ನಮ್ಮ ಕರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಲಿಕಾ ಬೂದಿ, ನಿಜವಾದ ಇಂಗಾಲ ಕಡಿಮೆ. ದಿನಕ್ಕೆ ಕೆಲವೇ ಕೆಜಿ ಕರಿಗೆ ಅಳತೆ, ಪರೀಕ್ಷೆ, ಕಾಗದ ಅಂತ ಆಗುವ ಖರ್ಚೇ ಬರುವ ದುಡ್ಡಿಗಿಂತ ದೊಡ್ಡದು. ಬೇಡ ಅಂದೆವು. ಹತ್ತಿಪ್ಪತ್ತು ಭಟ್ಟಿಗಳು ಸೇರಿದರೆ ಆ ಲೆಕ್ಕ ಬದಲಾಗಬಹುದು. ಸದ್ಯಕ್ಕೆ ಕರಿಯನ್ನು ಸಗಣಿ ಗೊಬ್ಬರದ ಜೊತೆ ಕೊಳೆಸಿ ಚನ್ನಗಿರಿ ಕಡೆಯ ನೆಂಟರ ಅಡಿಕೆ ತೋಟಕ್ಕೆ ಕಳಿಸುತ್ತಿದ್ದಾರೆ.

ಇನ್ನೊಂದು ಎಳೆ ನನ್ನನ್ನು ಬಿಟ್ಟಿಲ್ಲ. ಮಂಡಕ್ಕಿಯ ಹವಾಮಾನದ ಭಾರ ಭಟ್ಟಿಯಲ್ಲಿ ಶುರುವಾಗುವುದಿಲ್ಲ, ಗದ್ದೆಯಲ್ಲಿ ಶುರುವಾಗುತ್ತದೆ. ನೀರು ನಿಂತ ಭತ್ತದ ಗದ್ದೆಯಿಂದ ಮೀಥೇನ್ ಏಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡಿಗಿಂತ 27 ಪಟ್ಟು ಬಿಸಿ ಹಿಡಿಯುತ್ತದೆ. ಗದ್ದೆಯಲ್ಲಿ ತೂತಿನ ಪೈಪು ಹೂತು, ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗೆ ಇಳಿದ ಮೇಲೆ ಮತ್ತೆ ಹಾಯಿಸುವ ಪದ್ಧತಿ ಇದೆ. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಗದ್ದೆಯಲ್ಲಿ ನೀರು ನಿಂತಿರಬೇಕು. ಇದರಿಂದ ಮೀಥೇನ್ ಮೂರನೇ ಒಂದು ಪಾಲು, ಕೆಲವು ಕಡೆ ಇನ್ನೂ ಜಾಸ್ತಿ ಇಳಿಯುತ್ತದೆ. ನೀರೂ ಉಳಿಯುತ್ತದೆ. ಇವರಿಗೆ ಭತ್ತ ಕೊಡುವ ಮಲೇಬೆನ್ನೂರು ಕಡೆಯ ರೈತರೊಬ್ಬರಿಗೆ ಹೇಳಿದೆ. ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ: "ಭದ್ರಾ ನಾಲೆ ನೀರು ನಮ್ಮ ಸರದಿಗೆ ಬಂದಾಗ ಹಾಯಿಸದೆ ಬಿಟ್ಟು, ಆಮೇಲೆ ಬೇಕಂದ್ರೆ ಯಾರು ಕೊಡ್ತಾರೆ?" ನಾಲೆಯ ಕೊನೆ ಭಾಗದವರ ಕಷ್ಟ ಗೊತ್ತಿದ್ದವರಿಗೆ ಆ ಮಾತಿನ ತೂಕ ಗೊತ್ತು. ಬೋರ್ ಇರುವ ಅರ್ಧ ಎಕರೆಯಲ್ಲಿ ಮಾತ್ರ ಈ ಬೇಸಿಗೆ ಬೆಳೆಗೆ ಪೈಪು ಹೂಳುತ್ತೇನೆ ಅಂದಿದ್ದಾರೆ.

ಮತ್ತೆ ಇಂಥ ಕೆಲಸ ಮಾಡಿದರೆ ನಾನು ಬದಲಿಸುವುದು ಕ್ರಮವನ್ನು. ಮೊದಲು ಒಂದು ವಾರ ತಕ್ಕಡಿ ಹಿಡಿದು ಕೂರುತ್ತೇನೆ. ಸೋರುವುದನ್ನು ಮುಚ್ಚಿಸುತ್ತೇನೆ, ಅದಕ್ಕೆ ಖರ್ಚೂ ಕಡಿಮೆ. ಹೊಸ ಯಂತ್ರ ಅದಾದ ಮೇಲೆ, ಉರಿ ಏರುಪೇರಾದರೂ ತಡೆಯುವ ಕೆಲಸಕ್ಕೆ. ಹುರಿಯುವವರ ಕೂಲಿ ಮೊದಲ ದಿನದಿಂದಲೇ ಖರ್ಚಿನ ಪಟ್ಟಿಯಲ್ಲಿ ಇರುತ್ತದೆ. ಈ ಕ್ರಮ ಹಿಡಿದಿದ್ದರೆ ಆ ಯುವಕ ಆಸ್ಪತ್ರೆ ನೋಡುತ್ತಿರಲಿಲ್ಲ.

ಅಕ್ಕಪಕ್ಕದ ಭಟ್ಟಿಯವರು ಇಷ್ಟು ದಿನ ದೂರದಿಂದಲೇ ನೋಡುತ್ತಿದ್ದರು. ಮೊನ್ನೆ ಇಬ್ಬರು ಒಳಗೆ ಬಂದರು. ಗ್ಯಾಸಿಫೈಯರ್ ಕಡೆ ತಿರುಗಿಯೂ ನೋಡಲಿಲ್ಲ. ಒಬ್ಬರು ಬೂದಿ ಗೋಡೆಗೆ ಅಂಗೈ ಇಟ್ಟರು, ಒಳಗೆ ಉರಿ ಇದ್ದರೂ ಕೈ ತೆಗೆಯಲಿಲ್ಲ. ಇನ್ನೊಬ್ಬರು ತೊಟ್ಟಿಯ ಕೆಳಗೆ ಬಗ್ಗಿ ಕೊಳವೆಯ ಅಗಲ ಕೇಳಿದರು. ಆರು ಇಂಚು ಅಂದೆ. ಜೇಬಿನಲ್ಲಿದ್ದ ಬಿಲ್ಲಿನ ಹಿಂದೆ ಬರೆದುಕೊಂಡು ಹೋದರು.